ಹಳೆಯ ‘ಮಸಲ್ ಕಾರಿ’ನ ಕಾರ್ಯಕ್ಷಮತೆ: ಮಿತ ಬಂಡವಾಳದಲ್ಲಿ ಸುಧಾರಣೆಯ ಕ್ರಮ

ಯಾವುದೇ ಉದ್ಯಮಿಯ ಮುಂದೆ ಒಂದಲ್ಲ ಒಂದು ದಿನ ಬಂದು ನಿಲ್ಲುವ ಪ್ರಶ್ನೆಯೊಂದಿದೆ. ಕೈಯಲ್ಲಿರುವ ಯಂತ್ರ ಹಳೆಯದು; ಆದರೆ ಅದರ ಮೂಲ ರಚನೆ ಗಟ್ಟಿಯಾಗಿದೆ. ಹೊಸದನ್ನು ಕೊಳ್ಳುವಷ್ಟು ಹಣವಿಲ್ಲ, ಇರುವುದನ್ನು ಮಾರಲು ಮನಸ್ಸಿಲ್ಲ. ಸೀಮಿತ ಮೊತ್ತವೊಂದನ್ನು ವೆಚ್ಚ ಮಾಡಿ ಅದರ ಕಾರ್ಯಕ್ಷಮತೆಯನ್ನು ಹೆಚ್ಚಿಸಬೇಕಾದರೆ ಆ ಹಣವನ್ನು ಮೊದಲು ಎಲ್ಲಿ ತೊಡಗಿಸಬೇಕು? ಅಮೆರಿಕದ ‘ಮಸಲ್ ಕಾರು’ಗಳ ಮಾಲೀಕರು ಹಲವು ದಶಕಗಳಿಂದ ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬಂದಿದ್ದಾರೆ. ಕಾರಿನ ವಿಷಯದಲ್ಲಿ ಫಲಿತಾಂಶವನ್ನು ಸೆಕೆಂಡುಗಳಲ್ಲಿಯೂ ಅಶ್ವಶಕ್ತಿಯಲ್ಲಿಯೂ ಅಳೆಯಬಹುದಾದ್ದರಿಂದ, ಅವರ ಅನುಭವವು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸಲು ಅತ್ಯಂತ ಅನುಕೂಲಕರವಾಗಿದೆ.

ನಮ್ಮ ಸದಸ್ಯರಲ್ಲಿ ಅನೇಕರ ಮಕ್ಕಳು, ಬಂಧುಗಳು ಆ ದೇಶದಲ್ಲಿ ನೆಲೆಸಿದ್ದಾರೆ. ಅಂಥವರಲ್ಲಿ ಯಾರಾದರೂ ಹಳೆಯ ಮಸ್ಟಾಂಗ್ ಅಥವಾ ಕಮಾರೊ ಕಾರೊಂದನ್ನು ಕೊಂಡಿದ್ದರೆ ಈ ಲೇಖನ ಅವರಿಗೆ ನೇರವಾಗಿ ಉಪಯುಕ್ತವಾದೀತು. ಉಳಿದವರು ಇದನ್ನು ಮಿತ ಬಂಡವಾಳದ ವಿನಿಯೋಗ ಕ್ರಮಕ್ಕೆ ಒಂದು ಉದಾಹರಣೆಯೆಂದು ಓದಬಹುದು. ವೆಚ್ಚದ ಒಟ್ಟು ಮೊತ್ತದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ವೆಚ್ಚದ ಕ್ರಮವು ಫಲಿತಾಂಶವನ್ನು ನಿರ್ಧರಿಸುತ್ತದೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮಸಲ್ ಕಾರಿನ ಹಿನ್ನೆಲೆ

ಸಾಧಾರಣ ಬೆಲೆಯ, ಮಧ್ಯಮ ಗಾತ್ರದ ಎರಡು ಬಾಗಿಲಿನ ಕಾರಿಗೆ ದೊಡ್ಡ ಕಾರಿನ ವಿ-8 ಎಂಜಿನ್ನನ್ನು ಅಳವಡಿಸಿದಾಗ ಹುಟ್ಟಿದ್ದೇ ಮಸಲ್ ಕಾರು. 1964ರ ಪಾಂಟಿಯಾಕ್ ಜಿ.ಟಿ.ಓ. ಈ ವರ್ಗಕ್ಕೆ ನಾಂದಿ ಹಾಡಿತೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂಬ ಆಂತರಿಕ ನಿಯಮ ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಸಹೋದ್ಯೋಗಿಗಳು 389 ಘನ ಅಂಗುಲದ, ಅಂದರೆ ಸುಮಾರು 6.4 ಲೀಟರಿನ ಎಂಜಿನ್ನನ್ನು ಹೊಸ ಮಾದರಿಯೆಂದು ಕರೆಯದೆ, ಟೆಂಪೆಸ್ಟ್ ಕಾರಿನ ಐಚ್ಛಿಕ ಉಪಕರಣವೆಂದು ಬೆಲೆಪಟ್ಟಿಯಲ್ಲಿ ಸೇರಿಸಿ ಆ ನಿಯಮವನ್ನು ದಾಟಿದರು. ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದವು. ಅದೇ ವರ್ಷ ಏಪ್ರಿಲ್ 17ರಂದು 2,368 ಡಾಲರುಗಳ ಆರಂಭಿಕ ಬೆಲೆಯಲ್ಲಿ ಬಿಡುಗಡೆಯಾದ ಫೋರ್ಡ್ ಮಸ್ಟಾಂಗ್ ಎರಡು ವರ್ಷಗಳೊಳಗೆ ಹತ್ತು ಲಕ್ಷದ ಗಡಿ ದಾಟಿತು.

ಈ ಭರಾಟೆ ಹೆಚ್ಚು ಕಾಲ ನಡೆಯಲಿಲ್ಲ. 1970ರ ಶುದ್ಧ ವಾಯು ಕಾಯಿದೆ, ಏರಿದ ವಿಮಾ ಕಂತು ಹಾಗೂ 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ವಿಧಿಸಿದ ತೈಲ ನಿರ್ಬಂಧ ಇವು ಮೂರೂ ಸೇರಿ ದೊಡ್ಡ ಎಂಜಿನ್ನಿನ ಕಾಲವನ್ನು ಮುಗಿಸಿದವು. 1975ರ ಷೆವರ್ಲೆ ಕಾರ್ವೆಟ್ ಕಾರಿನ 5.7 ಲೀಟರ್ ಮೂಲ ಎಂಜಿನ್ನಿನ ಅಧಿಕೃತ ಸಾಮರ್ಥ್ಯ ಕೇವಲ 165 ಅಶ್ವಶಕ್ತಿಯಾಗಿತ್ತು. ಇಂದಿನ ಅನೇಕ ಚಿಕ್ಕ ಕಾರುಗಳು ಇದಕ್ಕೆ ಸಮನಾಗಿ ನಿಲ್ಲುತ್ತವೆ. ಗಾತ್ರವಿದ್ದೂ ಸಾಮರ್ಥ್ಯ ಕಡಿಮೆಯಿರುವ ಇಂತಹ ಎಂಜಿನ್ನುಗಳಲ್ಲಿಯೇ ಸುಧಾರಣೆಗೆ ಅತಿ ಹೆಚ್ಚಿನ ಅವಕಾಶವಿರುವುದು.

ಇಲ್ಲಿ ವ್ಯಾಪಾರಸ್ಥರು ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. ಷೆವರ್ಲೆಯ ‘ಸ್ಮಾಲ್ ಬ್ಲಾಕ್’ ವಿ-8 ಎಂಜಿನ್ 1955ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಮೂಲ ಪೀಳಿಗೆಯ ಬಿಡಿಭಾಗಗಳು ದಶಕಗಳ ಕಾಲ ಬಹುಮಟ್ಟಿಗೆ ಒಂದಕ್ಕೊಂದು ಹೊಂದುವಂತೆ ಉಳಿದವು. ಮುಂದಿನ ಪೀಳಿಗೆಗಳೂ ಸೇರಿ 2011ರ ವೇಳೆಗೆ ಹತ್ತು ಕೋಟಿ ಸ್ಮಾಲ್ ಬ್ಲಾಕ್ ಎಂಜಿನ್ನುಗಳು ತಯಾರಾಗಿದ್ದವು. ಇಂತಹ ಬೃಹತ್ ಸಂಖ್ಯೆಯನ್ನು ಆಧರಿಸಿ ಬಿಡಿಭಾಗ ತಯಾರಕರ ಒಂದು ಸ್ವತಂತ್ರ ಉದ್ಯಮವೇ ಬೆಳೆಯಿತು. 1963ರಲ್ಲಿ ಸ್ಥಾಪನೆಯಾದ ಅವರ ಸಂಘ ‘ಸೆಮಾ’ ಪ್ರತಿ ವರ್ಷ ಲಾಸ್ ವೇಗಾಸ್ ನಗರದಲ್ಲಿ ಬೃಹತ್ ವ್ಯಾಪಾರ ಪ್ರದರ್ಶನವನ್ನು ನಡೆಸುತ್ತದೆ. ಈ ಎಂಜಿನ್ನಿನ ಬಿಡಿಭಾಗಗಳು ಅಗ್ಗವಾಗಿರಲು ಅಳತೆಗಳ ಏಕರೂಪತೆಯೇ ಕಾರಣ. ಆದ್ದರಿಂದ ಮಿತ ಬಂಡವಾಳದವರು ವಿರಳ ಎಂಜಿನ್ನಿನ ಕಾರಿಗಿಂತ ಎಲ್ಲೆಡೆ ಸಿಗುವ ಎಂಜಿನ್ನಿನ ಕಾರನ್ನು ಆರಿಸಿಕೊಳ್ಳುವುದೇ ಮೊದಲ ಉಳಿತಾಯ.

ಒಟ್ಟು ಮತ್ತು ನಿವ್ವಳ

ಹಳೆಯ ಕೈಪಿಡಿಗಳಲ್ಲಿನ ಅಶ್ವಶಕ್ತಿಯ ಅಂಕಿಗಳನ್ನು ಓದುವಾಗ ಎಚ್ಚರವಿರಬೇಕು. 1971ರವರೆಗೆ ಅಮೆರಿಕದ ತಯಾರಕರು ಸಾಮಾನ್ಯವಾಗಿ ‘ಒಟ್ಟು’ ಅಶ್ವಶಕ್ತಿಯನ್ನು ಪ್ರಕಟಿಸುತ್ತಿದ್ದರು. ಗಾಳಿ ಶೋಧಕ, ಸೈಲೆನ್ಸರ್, ಫ್ಯಾನ್ ಮುಂತಾದವುಗಳ ಹೊರೆಯಿಲ್ಲದೆ ಎಂಜಿನ್ನನ್ನು ಪರೀಕ್ಷಾ ಪೀಠದ ಮೇಲೆ ಓಡಿಸಿ ಪಡೆದ ಅಂಕಿ ಅದು. 1972ರ ಮಾದರಿಗಳಿಂದ ಈ ಎಲ್ಲ ಉಪಕರಣಗಳನ್ನೂ ಜೋಡಿಸಿ ಅಳೆದ ‘ನಿವ್ವಳ’ ಅಶ್ವಶಕ್ತಿಯನ್ನು ನೀಡುವ ಪದ್ಧತಿ ರೂಢಿಗೆ ಬಂದಿತು. ಷೆವರ್ಲೆಯ ಎಲ್.ಟಿ.-1 ಎಂಬ ಎಂಜಿನ್ 1971ರಲ್ಲಿ 330 ಅಶ್ವಶಕ್ತಿಯದೆಂದೂ 1972ರಲ್ಲಿ 255 ಅಶ್ವಶಕ್ತಿಯದೆಂದೂ ನಮೂದಾಗಿದೆ. ಎಂಜಿನ್ನು ಹೆಚ್ಚು ಕಡಿಮೆ ಅದೇ. ಈ ವ್ಯತ್ಯಾಸದ ಬಹುಪಾಲು ಅಳತೆಯ ಪದ್ಧತಿಯಿಂದ ಬಂದದ್ದು.

ಒಟ್ಟು ವಹಿವಾಟನ್ನು ನಿವ್ವಳ ಲಾಭವೆಂದು ಭಾವಿಸಿ ಸಾಲ ಮಾಡುವ ವ್ಯಾಪಾರಿಯ ಗತಿಯೇ ಇಲ್ಲಿಯೂ ಒದಗೀತು. 1970ರ ಕೈಪಿಡಿಯಲ್ಲಿ 300 ಎಂದಿರುವುದನ್ನು ನಂಬಿ, ತನ್ನ ಕಾರು ಇಂದು 200 ಮಾತ್ರ ನೀಡುತ್ತಿದೆಯೆಂದು ತಿಳಿದು, ‘ಕಳೆದುಹೋದ’ 100 ಅಶ್ವಶಕ್ತಿಯನ್ನು ಮರಳಿ ಪಡೆಯಲು ದುಬಾರಿ ಭಾಗಗಳನ್ನು ಕೊಳ್ಳುವವನು ಇಲ್ಲದ ನಷ್ಟವನ್ನು ತುಂಬಿಕೊಳ್ಳಲು ಹೊರಟಂತೆ. ಹೋಲಿಕೆಯೇನಿದ್ದರೂ ನಿವ್ವಳ ಅಂಕಿಗಳ ನಡುವೆಯೇ ಆಗತಕ್ಕದ್ದು.

ಮೊದಲನೆಯ ಹಂತ: ಇರುವುದರ ತಪಾಸಣೆ

ಹೊಸ ಭಾಗವೊಂದನ್ನು ಕೊಳ್ಳುವ ಮುನ್ನ ಇರುವ ಎಂಜಿನ್ನಿನ ಸ್ಥಿತಿಯನ್ನು ಅಳೆಯಬೇಕು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಪ್ರತಿ ಸಿಲಿಂಡರಿನ ಒತ್ತಡವನ್ನು ಮಾಪಕದಿಂದ ನೋಡಿದಾಗ, ಅತಿ ಕಡಿಮೆ ಇರುವ ಸಿಲಿಂಡರು ಅತಿ ಹೆಚ್ಚಿರುವುದರ ಮುಕ್ಕಾಲು ಪಾಲಿಗಿಂತ ಕೆಳಗಿದ್ದರೆ ಒಳಗಿನ ದುರಸ್ತಿ ಅಗತ್ಯವೆಂದು ತಿಳಿಯಬೇಕು. ಅಂತಹ ಎಂಜಿನ್ನಿಗೆ ಹೊರಗಿನಿಂದ ಎಷ್ಟು ಹೊಸ ಭಾಗ ಜೋಡಿಸಿದರೂ ತೂತು ಮಡಕೆಗೆ ನೀರು ತುಂಬಿದಂತೆಯೇ. ಎರಡನೆಯದು ನಿರ್ವಾತ ಮಾಪಕ. ಮೂಲ ಸ್ಥಿತಿಯಲ್ಲಿರುವ ಆರೋಗ್ಯವಂತ ಎಂಜಿನ್ ನಿಧಾನಗತಿಯಲ್ಲಿ ಓಡುವಾಗ, ಸಮುದ್ರಮಟ್ಟದಲ್ಲಿ ಪಾದರಸದ 17ರಿಂದ 21 ಅಂಗುಲಗಳಷ್ಟು ಸ್ಥಿರ ನಿರ್ವಾತವನ್ನು ತೋರಿಸಬೇಕು. ಎತ್ತರ ಪ್ರತಿ 1,000 ಅಡಿ ಹೆಚ್ಚಿದಂತೆ ಸುಮಾರು ಒಂದು ಅಂಗುಲ ಕಡಿಮೆಯಾಗುವುದು ಸಹಜ. ಡೆನ್ವರ್ ನಗರದ ಮಾಲೀಕನು ಈ ಅಂಶವನ್ನು ಮರೆತರೆ ಸರಿಯಾಗಿರುವ ಎಂಜಿನ್ನನ್ನೇ ಬಿಚ್ಚಿಸಿಯಾನು.

ಮೂರನೆಯ ಪರೀಕ್ಷೆಗೆ ಒಂದು ಪೈಸೆಯೂ ಬೇಕಿಲ್ಲ. ಎಂಜಿನ್ ನಿಲ್ಲಿಸಿ, ಒಬ್ಬರು ಆಕ್ಸಿಲರೇಟರ್ ಪೆಡಲನ್ನು ಪೂರ್ತಿ ತುಳಿಯಬೇಕು. ಇನ್ನೊಬ್ಬರು ಕಾರ್ಬ್ಯುರೇಟರ್‌ನ ಬಾಯಿ ಪೂರ್ತಿ ತೆರೆಯುತ್ತದೆಯೇ ಎಂದು ನೋಡಬೇಕು. ಸವೆದ ಕೊಂಡಿ ಅಥವಾ ಜಗ್ಗಿದ ಕೇಬಲ್ಲಿನಿಂದಾಗಿ ಮುಕ್ಕಾಲು ಭಾಗ ಮಾತ್ರ ತೆರೆಯುತ್ತಿದ್ದರೆ ಆ ಮಾಲೀಕನು ತನ್ನಲ್ಲಿರುವ ಶಕ್ತಿಯನ್ನೇ ಪೂರ್ಣವಾಗಿ ಬಳಸುತ್ತಿಲ್ಲವೆಂದು ಅರ್ಥ.

ಕಿಡಿಯ ಕಾಲವನ್ನು, ಅಂದರೆ ಇಗ್ನಿಷನ್ ಟೈಮಿಂಗನ್ನು ಪರಿಶೀಲಿಸುವುದು ನಾಲ್ಕನೆಯದು. ಐವತ್ತು ವರ್ಷ ಹಳೆಯ ಎಂಜಿನ್ನಿನ ಮುಂಭಾಗದ ಕಂಪನ ನಿವಾರಕ ಚಕ್ರದಲ್ಲಿ ಎರಡು ಲೋಹದ ಭಾಗಗಳ ನಡುವೆ ರಬ್ಬರ್ ಇರುತ್ತದೆ. ಆ ರಬ್ಬರ್ ಹಳತಾಗಿ ಹೊರಬಳೆ ಜಾರಿದರೆ ಅದರ ಮೇಲಿನ ಗುರುತೇ ಸುಳ್ಳು ಹೇಳತೊಡಗುತ್ತದೆ. ಅದೇ ರೀತಿ, ಆ ಕಾಲದ ಹಲವು ಎಂಜಿನ್ನುಗಳ ಕ್ಯಾಮ್ ಚಕ್ರದ ಹಲ್ಲುಗಳಿಗೆ ಶಬ್ದ ತಗ್ಗಿಸಲು ನೈಲಾನ್ ಹೊದಿಕೆಯಿತ್ತು. ಅದು ಉದುರಿದಾಗ ಚೈನು ಸಡಿಲಗೊಂಡು ವಾಲ್ವುಗಳು ತೆರೆಯುವ ಕಾಲ ತಪ್ಪುತ್ತದೆ. ಪೂರ್ಣ ಲೋಹದ ಚಕ್ರ ಮತ್ತು ಚೈನು ಹೆಚ್ಚು ಬೆಲೆಯವಲ್ಲ. ಡಿಸ್ಟ್ರಿಬ್ಯೂಟರ್ ಒಳಗಿನ ಹಳೆಯ ಪಾಯಿಂಟುಗಳ ಬದಲಿಗೆ ಅಳವಡಿಸುವ ಎಲೆಕ್ಟ್ರಾನಿಕ್ ಸಾಧನವೂ ಇದೇ ಗುಂಪಿಗೆ ಸೇರುತ್ತದೆ.

ಇವೆಲ್ಲ ಹೊಸ ಸಾಮರ್ಥ್ಯವನ್ನು ಸೃಷ್ಟಿಸುವ ವೆಚ್ಚಗಳಲ್ಲ. ಸೋರಿಹೋಗುತ್ತಿದ್ದ ಸಾಮರ್ಥ್ಯವನ್ನು ಮರಳಿ ತರುವಂಥವು. ಪ್ರತಿ ಡಾಲರಿಗೆ ದೊರೆಯುವ ಪ್ರತಿಫಲ ಅತಿ ಹೆಚ್ಚಾಗಿರುವುದು ಈ ಹಂತದಲ್ಲಿಯೇ. ಇಂಧನ ಮತ್ತು ಎಣ್ಣೆಗೆ ಸಂಬಂಧಿಸಿದ ಎರಡು ಮಾತುಗಳನ್ನೂ ಇಲ್ಲಿಯೇ ಹೇಳಬೇಕು. ಇಂದಿನ ಎಥನಾಲ್ ಮಿಶ್ರಿತ ಪೆಟ್ರೋಲು ಹಳೆಯ ರಬ್ಬರ್ ಕೊಳವೆಗಳನ್ನು ಹಾಳುಮಾಡುವುದರಿಂದ ಬೆಂಕಿಯ ಅಪಾಯವಿದೆ. ಕೊಳವೆಗಳನ್ನು ಮೊದಲೇ ಬದಲಾಯಿಸಬೇಕು. ಇನ್ನು ಆಧುನಿಕ ಎಂಜಿನ್ ಎಣ್ಣೆಗಳಲ್ಲಿ ಸವೆತ ತಡೆಯುವ ಸತು ಮತ್ತು ರಂಜಕದ ಸಂಯುಕ್ತಗಳ ಪ್ರಮಾಣವನ್ನು ತಗ್ಗಿಸಲಾಗಿದೆ. ಹಳೆಯ ಮಾದರಿಯ ಚಪ್ಪಟೆ ಟ್ಯಾಪೆಟ್ ಇರುವ ಎಂಜಿನ್ನಿಗೆ ಆ ಸಂಯುಕ್ತ ಸಾಕಷ್ಟಿರುವ ಎಣ್ಣೆಯನ್ನೇ ಬಳಸದಿದ್ದರೆ ಕ್ಯಾಮ್‌ಷಾಫ್ಟ್ ಬೇಗನೆ ಸವೆಯುತ್ತದೆ.

ಎರಡನೆಯ ಹಂತ: ಬ್ರೇಕು ಮತ್ತು ಟೈರು

ಕಂಪನಿಯೊಂದು ಮುಚ್ಚಿದಾಗ ಆಸ್ತಿಯ ಮೇಲೆ ಕೆಲವರ ಹಕ್ಕು ಉಳಿದೆಲ್ಲರಿಗಿಂತ ಮೊದಲು ಬರುತ್ತದೆ. ಸುಧಾರಣೆಯ ಆಯವ್ಯಯದಲ್ಲಿ ಬ್ರೇಕು ಮತ್ತು ಟೈರುಗಳಿಗೆ ಅಂತಹ ಅಗ್ರ ಹಕ್ಕಿದೆ. ಚಲಿಸುವ ವಾಹನದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 60 ಮೈಲಿಯ ಬದಲು 80 ಮೈಲಿ ವೇಗದಿಂದ ಕಾರನ್ನು ನಿಲ್ಲಿಸಬೇಕಾದರೆ ವೇಗ ಮೂರನೇ ಒಂದು ಪಾಲು ಹೆಚ್ಚಿದ್ದರೂ ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿ ಶೇ. 78ರಷ್ಟು ಹೆಚ್ಚಾಗಿರುತ್ತದೆ.

ಅರವತ್ತರ ದಶಕದ ಬಹುತೇಕ ಮಸಲ್ ಕಾರುಗಳಿಗೆ ನಾಲ್ಕೂ ಚಕ್ರಗಳಲ್ಲಿ ಡ್ರಮ್ ಬ್ರೇಕುಗಳಿದ್ದವು. ಅವು ಪದೇ ಪದೇ ಬಳಸಿದಾಗ ಕಾದು ಹಿಡಿತ ಕಳೆದುಕೊಳ್ಳುತ್ತವೆ. 1968ಕ್ಕಿಂತ ಹಿಂದಿನ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರಿಗೆ ಒಂದೇ ಮಾರ್ಗವಿರುವ ಸಾಧ್ಯತೆಯುಂಟು. ಎಲ್ಲಿಯಾದರೂ ಒಂದು ಕಡೆ ಸೋರಿದರೆ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೆ ಕೈಕೊಡುತ್ತದೆ. ಎರಡು ಪ್ರತ್ಯೇಕ ಮಾರ್ಗಗಳ ವ್ಯವಸ್ಥೆ ಅಮೆರಿಕದಲ್ಲಿ 1968ರಿಂದ ಕಡ್ಡಾಯವಾಯಿತು. ಇಂತಹ ಕಾರಿಗೆ ಎರಡು ಮಾರ್ಗಗಳ ಮಾಸ್ಟರ್ ಸಿಲಿಂಡರ್, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಳೆಯ ಟೈರುಗಳ ಜಾಗದಲ್ಲಿ ರೇಡಿಯಲ್ ಟೈರು, ಹೊಸ ಷಾಕ್ ಅಬ್ಸಾರ್ಬರ್ ಮತ್ತು ಬುಷ್‌ಗಳನ್ನು ಹಾಕಿಸದೆ ಒಂದೇ ಒಂದು ಅಶ್ವಶಕ್ತಿಯನ್ನು ಕೂಡಿಸುವುದೂ ತರವಲ್ಲ.

ಸುರಕ್ಷತೆಯ ಜೊತೆಗೆ ಇಲ್ಲಿ ಕಾರ್ಯಕ್ಷಮತೆಯ ಲಾಭವೂ ಇದೆ. ಹಿಡಿತವಿಲ್ಲದ ಟೈರಿನಲ್ಲಿ ಹೆಚ್ಚಿನ ಶಕ್ತಿ ಹೊಗೆಯಾಗಿ ಹೋಗುತ್ತದೆ. ತಿರುವಿನಲ್ಲಿ ನೆಲ ಹಿಡಿದು, ನಿಲ್ಲಿಸಿದಲ್ಲಿ ನಿಲ್ಲುವ ಕಾರಿನ ಚಾಲಕನು ತನ್ನಲ್ಲಿರುವ ಸಾಮರ್ಥ್ಯವನ್ನು ಧೈರ್ಯದಿಂದ ಬಳಸಬಲ್ಲನು.

ಮೂರನೆಯ ಹಂತ: ಹಿಂಬದಿಯ ಗೇರ್ ಅನುಪಾತ

ಇಂಧನ ಉಳಿತಾಯದ ದೃಷ್ಟಿಯಿಂದ ಅನೇಕ ಹಳೆಯ ಕಾರುಗಳಿಗೆ ಕಾರ್ಖಾನೆಯವರು 2.73 ಅಥವಾ ಅದರ ಆಸುಪಾಸಿನ ಅನುಪಾತದ ಕ್ರೌನ್ ಮತ್ತು ಪಿನಿಯನ್ ಗೇರುಗಳನ್ನು ಅಳವಡಿಸಿರುತ್ತಿದ್ದರು. ಇದನ್ನು 3.55ಕ್ಕೆ ಬದಲಾಯಿಸಿದರೆ ಪ್ರತಿ ಗೇರಿನಲ್ಲಿಯೂ ಚಕ್ರವನ್ನು ತಿರುಗಿಸುವ ಬಲ ಶೇ. 30ರಷ್ಟು ಹೆಚ್ಚುತ್ತದೆ. ಎಂಜಿನ್ನಿನ ಒಳಗೆ ಕೈಯಿಡದೆ ದೊರೆಯುವ ಈ ಲಾಭವನ್ನು ಎಂಜಿನ್ನಿನಿಂದಲೇ ಪಡೆಯಬೇಕಾದರೆ ಹಲವು ಪಟ್ಟು ವೆಚ್ಚವಾದೀತು.

ಆದರೆ ಇದು ಪುಕ್ಕಟೆಯಲ್ಲ. 26 ಅಂಗುಲ ವ್ಯಾಸದ ಟೈರಿರುವ ಕಾರು ಗಂಟೆಗೆ 70 ಮೈಲಿ ವೇಗದಲ್ಲಿ ಹೋಗುವಾಗ 2.73 ಅನುಪಾತದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,470 ಸುತ್ತು ತಿರುಗಿದರೆ, 3.55ರಲ್ಲಿ ಸುಮಾರು 3,210 ಸುತ್ತು, 4.10ರಲ್ಲಿ ಸುಮಾರು 3,710 ಸುತ್ತು ತಿರುಗಬೇಕಾಗುತ್ತದೆ. ಇಂಧನ, ಸದ್ದು, ಸವೆತ ಮೂರೂ ಏರುತ್ತವೆ. ಗೇರು ಬದಲಾವಣೆಯ ಬಂಡವಾಳ ವೆಚ್ಚವನ್ನಷ್ಟೇ ನೋಡಿ, ಪ್ರತಿ ಮೈಲಿಗೆ ತೆರಬೇಕಾದ ಆವರ್ತಕ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯದಿರುವುದು ಸರಿಯಲ್ಲ. ಹೆದ್ದಾರಿಯಲ್ಲಿ ದೂರ ಪ್ರಯಾಣ ಮಾಡುವವರಿಗೆ 3.55ರ ಆಸುಪಾಸು ಸಾಕು. 4.10 ಬೇಕೆನ್ನುವವರು ಓವರ್‌ಡ್ರೈವ್ ಇರುವ ಗೇರ್ ಪೆಟ್ಟಿಗೆಗೂ ಹಣ ಕೂಡಿಸಿಡಬೇಕು.

ನಾಲ್ಕನೆಯ ಹಂತ: ಗಾಳಿಯ ಮಾರ್ಗ

ಎಂಜಿನ್ನೆಂಬುದು ಮೂಲತಃ ಗಾಳಿಯನ್ನು ಎಳೆದುಕೊಂಡು ಹೊರಹಾಕುವ ಯಂತ್ರ. ಕಾರ್ಬ್ಯುರೇಟರ್, ಒಳಹರಿವಿನ ಮ್ಯಾನಿಫೋಲ್ಡ್, ಸಿಲಿಂಡರ್ ಹೆಡ್, ಕ್ಯಾಮ್‌ಷಾಫ್ಟ್, ಹೊಗೆ ಕೊಳವೆ ಇವುಗಳ ಸರಣಿಯಲ್ಲಿ ಅತ್ಯಂತ ಕಿರಿದಾದದ್ದು ಯಾವುದೋ ಅದೇ ಒಟ್ಟು ಸಾಮರ್ಥ್ಯವನ್ನು ನಿರ್ಧರಿಸುತ್ತದೆ. ಕಿರಿದಾದ ಭಾಗವನ್ನು ಬಿಟ್ಟು ಬೇರೆಯದನ್ನು ಹಿಗ್ಗಿಸಿದರೆ ಹಣ ಖರ್ಚಾದರೂ ಹರಿವು ಹೆಚ್ಚದು. ಐದು ಯಂತ್ರಗಳ ಸಾಲಿನಲ್ಲಿ ನಾಲ್ಕನೆಯದು ನಿಧಾನವಾಗಿದ್ದಾಗ ಎರಡನೆಯದನ್ನು ಬದಲಾಯಿಸಿದರೆ ಮಧ್ಯದಲ್ಲಿ ಸಾಮಾನು ರಾಶಿ ಬೀಳುವುದಷ್ಟೇ ಫಲ.

ಈ ಹಂತದಲ್ಲಿ ಅತಿ ಸಾಮಾನ್ಯವಾದ ಅಪವ್ಯಯವೆಂದರೆ ಅತಿ ದೊಡ್ಡ ಕಾರ್ಬ್ಯುರೇಟರ್. ಇದಕ್ಕೆ ಸುಲಭವಾದ ಲೆಕ್ಕವಿದೆ. ಎಂಜಿನ್ನಿನ ಘನ ಅಂಗುಲಗಳನ್ನು ಗರಿಷ್ಠ ಸುತ್ತುಗಳಿಂದ ಗುಣಿಸಿ 3,456ರಿಂದ ಭಾಗಿಸಿದರೆ ನಿಮಿಷಕ್ಕೆ ಬೇಕಾಗುವ ಗಾಳಿ ಘನ ಅಡಿಗಳಲ್ಲಿ ದೊರೆಯುತ್ತದೆ. 350 ಘನ ಅಂಗುಲದ ಎಂಜಿನ್ 5,500 ಸುತ್ತು ತಿರುಗುವುದಾದರೆ ಉತ್ತರ ಸುಮಾರು 557. ಬೀದಿಯಲ್ಲಿ ಓಡುವ ಎಂಜಿನ್ ತನ್ನ ಗಾತ್ರದ ಶೇ. 85ರಷ್ಟು ಮಾತ್ರ ತುಂಬಿಕೊಳ್ಳುತ್ತದೆಂದು ಹಿಡಿದರೆ ನಿಜವಾದ ಅಗತ್ಯ ಸುಮಾರು 473 ಘನ ಅಡಿ. ಆದ್ದರಿಂದ 600 ಘನ ಅಡಿಯ ನಾಲ್ಕು ಬಾಯಿಯ ಕಾರ್ಬ್ಯುರೇಟರ್ ಧಾರಾಳವಾಗಿ ಸಾಕು. 850 ಘನ ಅಡಿಯದನ್ನು ಕೂರಿಸಿದರೆ ಕಡಿಮೆ ವೇಗದಲ್ಲಿ ಗಾಳಿಯ ರಭಸ ಕುಗ್ಗಿ, ಪೆಟ್ರೋಲು ಸರಿಯಾಗಿ ತುಂತುರಾಗದೆ ಕಾರು ತಡವರಿಸುತ್ತದೆ. ಹೆಚ್ಚು ಹಣ ಕೊಟ್ಟು ಕಡಿಮೆ ಕೆಲಸವನ್ನು ಕೊಂಡಂತಾಗುತ್ತದೆ.

ಎರಡು ಬಾಯಿಯ ಕಾರ್ಬ್ಯುರೇಟರ್ ಮತ್ತು ಒಂದೇ ಹೊಗೆ ಕೊಳವೆಯಿರುವ ವಿ-8 ಕಾರಿಗೆ ನಾಲ್ಕು ಬಾಯಿಯ ಕಾರ್ಬ್ಯುರೇಟರ್, ಅದಕ್ಕೆ ತಕ್ಕ ಮ್ಯಾನಿಫೋಲ್ಡ್ ಮತ್ತು ಎರಡು ಕೊಳವೆಗಳ ನಿಷ್ಕಾಸ ವ್ಯವಸ್ಥೆ ಈ ಮೂರನ್ನೂ ಒಟ್ಟಾಗಿ ಮಾಡುವುದು ಹಣಕ್ಕೆ ತಕ್ಕ ಸುಧಾರಣೆ. ಮ್ಯಾನಿಫೋಲ್ಡ್ ಅಲ್ಯುಮಿನಿಯಮಿನದಾದರೆ ಮುಂಭಾಗದ ತೂಕವೂ ತಗ್ಗುತ್ತದೆ.

ಹೆಡ್‌ಗಳ ವಿಷಯದಲ್ಲಿ ಗುಜರಿ ಅಂಗಡಿಯೇ ಮಿತವ್ಯಯಿಯ ಆಸರೆ. ಜನರಲ್ ಮೋಟಾರ್ಸ್ 1996ರಿಂದ ಕೆಲವು ವರ್ಷ ತನ್ನ ಟ್ರಕ್ಕುಗಳಲ್ಲಿ ಬಳಸಿದ ‘ವೋರ್ಟೆಕ್’ ಎಂಬ ಎರಕಹೊಯ್ದ ಕಬ್ಬಿಣದ ಹೆಡ್‌ಗಳು ಹಳೆಯ 350 ಎಂಜಿನ್ನಿಗೆ ಕೂರುತ್ತವೆ; ಎಪ್ಪತ್ತರ ದಶಕದ ಹೆಡ್‌ಗಳಿಗಿಂತ ಅವುಗಳ ಗಾಳಿಯ ಹರಿವು ಬಹಳ ಉತ್ತಮ. ಆದರೆ ಅವುಗಳಿಗೆ ಬೇರೆ ಬೋಲ್ಟ್ ಜೋಡಣೆಯ ಮ್ಯಾನಿಫೋಲ್ಡೇ ಬೇಕು. ಹೆಡ್ಡಿನ ಬೆಲೆಯನ್ನು ಮಾತ್ರ ಕೇಳಿ ಕೊಂಡವರಿಗೆ ಈ ಎರಡನೆಯ ವೆಚ್ಚ ಆಮೇಲೆ ಎದುರಾಗುತ್ತದೆ.

ಹೊಂದಾಣಿಕೆ ತಪ್ಪಿದಲ್ಲಿ

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಹಣ ವ್ಯರ್ಥವಾಗುವುದು ಕ್ಯಾಮ್‌ಷಾಫ್ಟಿನ ಆಯ್ಕೆಯಲ್ಲಿ. ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿನ ಸುತ್ತುಗಳ ಕಡೆಗೆ ತಳ್ಳುತ್ತದೆ. ಅದು ಅಲ್ಲಿ ಕೊಡುವುದನ್ನು ಕಡಿಮೆ ಸುತ್ತುಗಳಿಂದ ಕಿತ್ತುಕೊಂಡೇ ಕೊಡುವುದು. ಇಂತಹ ಕ್ಯಾಮ್‌ಗೆ ಹೆಚ್ಚಿನ ಒತ್ತಡದ ಪಿಸ್ಟನ್ನುಗಳು, ಎತ್ತರದ ಗೇರ್ ಅನುಪಾತ, ಆಟೋಮ್ಯಾಟಿಕ್ ಕಾರಾದರೆ ಬೇರೆ ಟಾರ್ಕ್ ಕನ್ವರ್ಟರ್, ಬಲವಾದ ವಾಲ್ವ್ ಸ್ಪ್ರಿಂಗುಗಳು ಎಲ್ಲವೂ ಬೇಕು. ಇವೊಂದೂ ಇಲ್ಲದೆ ಕ್ಯಾಮ್ ಮಾತ್ರ ಹಾಕಿದರೆ ಸದ್ದು ಗಂಭೀರವಾಗುತ್ತದೆ, ಕಾರು ಮೊದಲಿಗಿಂತ ನಿಧಾನವಾಗುತ್ತದೆ. ಇದಲ್ಲದೆ ನಿಧಾನಗತಿಯ ನಿರ್ವಾತ ಕುಸಿಯುವುದರಿಂದ, ಆ ನಿರ್ವಾತವನ್ನೇ ನಂಬಿರುವ ಪವರ್ ಬ್ರೇಕಿನ ನೆರವೂ ತಗ್ಗುತ್ತದೆ. ವೇಗಕ್ಕಾಗಿ ಮಾಡಿದ ಖರ್ಚು ಬ್ರೇಕನ್ನು ದುರ್ಬಲಗೊಳಿಸಿದಂತಾಯಿತು.

ಒಂದು ಭಾಗ ಇನ್ನೊಂದನ್ನು ಬೇಡುತ್ತದೆ, ಅದು ಮತ್ತೊಂದನ್ನು. ಅಷ್ಟರಲ್ಲಿ ಹಣ ಮುಗಿದಿರುತ್ತದೆ. ಅಮೆರಿಕದ ಹಳೆಯ ಕಾರುಗಳ ಮಾರಾಟದ ಜಾಹೀರಾತುಗಳಲ್ಲಿ ‘ಅರ್ಧಕ್ಕೆ ನಿಂತ ಕೆಲಸ, ಬಿಡಿಭಾಗಗಳು ಪೆಟ್ಟಿಗೆಯಲ್ಲಿವೆ’ ಎಂಬ ಅರ್ಥದ ಮಾತು ಸಾಮಾನ್ಯ. ಓಡುವ ಕಾರಿಗಿಂತ ಬಿಚ್ಚಿಟ್ಟ ಕಾರಿಗೆ ಬೆಲೆ ಕಡಿಮೆ. ಅಂತಹ ಮಾಲೀಕನು ಖರ್ಚು ಮಾಡಿದ ಹಣವನ್ನೂ ಕಳೆದುಕೊಂಡು, ಮೊದಲಿದ್ದ ಆಸ್ತಿಯ ಮೌಲ್ಯವನ್ನೂ ತಗ್ಗಿಸಿಕೊಂಡಿರುತ್ತಾನೆ. ಪ್ರತಿ ಹಂತದ ಕೊನೆಯಲ್ಲಿಯೂ ಕಾರು ಓಡುವ ಸ್ಥಿತಿಯಲ್ಲಿರಬೇಕೆಂಬ ನಿಯಮವನ್ನು ಪಾಲಿಸಿದರೆ ಈ ಅಪಾಯ ಇಲ್ಲ.

ಇಳಿಮುಖ ಪ್ರತಿಫಲದ ಲೆಕ್ಕ

ಕಾಲು ಮೈಲಿ ದೂರವನ್ನು ನಿಂತ ಸ್ಥಿತಿಯಿಂದ ಕ್ರಮಿಸಲು ಬೇಕಾಗುವ ಸೆಕೆಂಡುಗಳನ್ನು ಅಂದಾಜು ಮಾಡಲು ಬಳಕೆಯಲ್ಲಿರುವ ಸೂತ್ರವೊಂದಿದೆ. ಕಾರಿನ ತೂಕವನ್ನು (ಪೌಂಡುಗಳಲ್ಲಿ) ಅಶ್ವಶಕ್ತಿಯಿಂದ ಭಾಗಿಸಿ, ಬಂದದ್ದರ ಘನಮೂಲವನ್ನು 5.825ರಿಂದ ಗುಣಿಸಬೇಕು. 3,500 ಪೌಂಡು, ಅಂದರೆ ಸುಮಾರು 1,590 ಕಿಲೋ ತೂಕದ ಕಾರಿಗೆ ಇದನ್ನು ಅನ್ವಯಿಸಿದಾಗ ದೊರೆಯುವ ಫಲಿತಾಂಶ ಹೀಗಿದೆ:

200 ಅಶ್ವಶಕ್ತಿ: 15.12 ಸೆಕೆಂಡು
250 ಅಶ್ವಶಕ್ತಿ: 14.04 ಸೆಕೆಂಡು (ಉಳಿತಾಯ 1.08)
300 ಅಶ್ವಶಕ್ತಿ: 13.21 ಸೆಕೆಂಡು (ಉಳಿತಾಯ 0.83)
350 ಅಶ್ವಶಕ್ತಿ: 12.55 ಸೆಕೆಂಡು (ಉಳಿತಾಯ 0.66)

ಪ್ರತಿ ಬಾರಿಯೂ ಕೂಡಿಸಿದ್ದು 50 ಅಶ್ವಶಕ್ತಿಯೇ. ದೊರೆತ ಫಲ ಮಾತ್ರ ಇಳಿಯುತ್ತಾ ಹೋಗಿದೆ. ಇದೇ ವೇಳೆ ವೆಚ್ಚವು ವಿರುದ್ಧ ದಿಕ್ಕಿನಲ್ಲಿ ಏರುತ್ತಿರುತ್ತದೆ. ಮೊದಲ 50 ಅಶ್ವಶಕ್ತಿ ತಪಾಸಣೆ, ಕಾರ್ಬ್ಯುರೇಟರ್ ಮತ್ತು ಹೊಗೆ ಕೊಳವೆಯಿಂದ ಬರಬಹುದು. ಎರಡನೆಯದಕ್ಕೆ ಹೆಡ್ ಮತ್ತು ಕ್ಯಾಮ್ ಬೇಕು. ಮೂರನೆಯದಕ್ಕೆ ಎಂಜಿನ್ನಿನ ಒಳಭಾಗವನ್ನೇ ಹೊಸದಾಗಿ ಕಟ್ಟಬೇಕಾದೀತು. ಇದಕ್ಕೆ ಹೋಲಿಸಿದರೆ 200 ಅಶ್ವಶಕ್ತಿಯ ಕಾರಿನಿಂದ 100 ಪೌಂಡು ಅನಗತ್ಯ ತೂಕವನ್ನು ಇಳಿಸಿದರೆ ಸುಮಾರು 0.14 ಸೆಕೆಂಡು ಉಳಿಯುತ್ತದೆ. ಡಿಕ್ಕಿಯನ್ನು ಖಾಲಿ ಮಾಡುವುದಕ್ಕೆ ವೆಚ್ಚವಿಲ್ಲ.

ಮಾದರಿ ಆಯವ್ಯಯ

ಮಾಲೀಕರೊಬ್ಬರ ಬಳಿ 5,000 ಡಾಲರುಗಳಿವೆಯೆಂದು ಭಾವಿಸೋಣ. ಮೇಲಿನ ತತ್ತ್ವಗಳ ಪ್ರಕಾರ ಹಂಚಿಕೆ ಹೀಗಿರಬಹುದು. ಇದು ಬೆಲೆಪಟ್ಟಿಯಲ್ಲ, ಅನುಪಾತವನ್ನು ತೋರಿಸುವ ಉದಾಹರಣೆ ಮಾತ್ರ.

1. ತಪಾಸಣೆ, ಇಗ್ನಿಷನ್, ಕೊಳವೆಗಳು, ಟ್ಯೂನಿಂಗ್: 700
2. ಬ್ರೇಕು, ಟೈರು, ಷಾಕ್ ಅಬ್ಸಾರ್ಬರ್, ಬುಷ್: 1,800
3. ಹಿಂಬದಿಯ ಗೇರು, ಜೋಡಣೆಯ ಕೂಲಿ ಸೇರಿ: 900
4. ಕಾರ್ಬ್ಯುರೇಟರ್, ಮ್ಯಾನಿಫೋಲ್ಡ್, ಹೊಗೆ ಕೊಳವೆಗಳು: 1,000
5. ಅನಿರೀಕ್ಷಿತ ವೆಚ್ಚಕ್ಕೆ ಮೀಸಲು: 600

ಹೆಡ್ ಮತ್ತು ಕ್ಯಾಮ್‌ಷಾಫ್ಟ್ ಈ ಪಟ್ಟಿಯಲ್ಲಿಲ್ಲದಿರುವುದನ್ನು ಓದುಗರು ಗಮನಿಸಿರಬಹುದು. ಅವು ಎರಡನೆಯ ವರ್ಷದ ಆಯವ್ಯಯಕ್ಕೆ ಸೇರಿದವು. ಹಳೆಯ ಕಾರಿನಲ್ಲಿ ತುಕ್ಕು ಹಿಡಿದ ಒಂದು ಬೋಲ್ಟು ಮುರಿದರೂ ಅರ್ಧ ದಿನದ ಕೂಲಿ ಹೆಚ್ಚುತ್ತದೆಯಾದ್ದರಿಂದ ಮೀಸಲು ಮೊತ್ತವನ್ನು ಮುಟ್ಟಬಾರದು.

ಎಂಜಿನ್ ಪೂರ್ತಿ ಸವೆದಿದ್ದಲ್ಲಿ ಹೋಲಿಕೆಯೇ ಬೇರೆ. ದುರಸ್ತಿ ಮಾಡಿಸುವುದೋ, ಬೇರೆಯದನ್ನು ತರುವುದೋ ಎಂಬ ಪ್ರಶ್ನೆ ಆಗ ಏಳುತ್ತದೆ. 1999ರಿಂದ 2007ರವರೆಗೆ ಷೆವರ್ಲೆ ಟ್ರಕ್ಕುಗಳಲ್ಲಿ ಬಂದ 5.3 ಲೀಟರ್ ವಿ-8 ಎಂಜಿನ್ನುಗಳು ವರ್ಷಕ್ಕನುಗುಣವಾಗಿ 270ರಿಂದ 295 ನಿವ್ವಳ ಅಶ್ವಶಕ್ತಿ ನೀಡುತ್ತವೆ. ಗುಜರಿಯಲ್ಲಿ ಹೇರಳವಾಗಿ ದೊರೆಯುತ್ತವೆ. ಆದರೆ ವೈರಿಂಗ್, ಇಂಧನ ಪಂಪು, ಎಂಜಿನ್ ಆಧಾರಗಳು ಇತ್ಯಾದಿ ಕೂಡಿಸಿದಾಗಲೇ ನಿಜವಾದ ವೆಚ್ಚ ತಿಳಿಯುವುದು. ಇನ್ನೊಂದು ಎಚ್ಚರಿಕೆ: ಕಾರ್ಖಾನೆಯಲ್ಲಿ ಆ ಕಾರಿಗೇ ಅಳವಡಿಸಿದ ಮೂಲ ಎಂಜಿನ್ ಇನ್ನೂ ಉಳಿದಿದ್ದರೆ ಸಂಗ್ರಾಹಕರು ಅದಕ್ಕೆ ಹೆಚ್ಚಿನ ಬೆಲೆ ಕೊಡುತ್ತಾರೆ. ಆದ್ದರಿಂದ ಬಿಚ್ಚಿದ ಮೂಲ ಭಾಗಗಳನ್ನು ಗುರುತು ಬರೆದು ಜೋಪಾನವಾಗಿಡಬೇಕು. ದೇಹವನ್ನು ಕತ್ತರಿಸಬೇಕಾದ ಯಾವ ಬದಲಾವಣೆಯನ್ನೂ ಮಾಡದಿರುವುದು ಕ್ಷೇಮ.

ಕಾನೂನು ಮತ್ತು ಲೆಕ್ಕಪತ್ರ

ಅಮೆರಿಕದಲ್ಲಿ ಹೊಗೆ ನಿಯಂತ್ರಣ ಸಾಧನಗಳನ್ನು ಕಿತ್ತುಹಾಕುವುದು ಸಂಯುಕ್ತ ಸರ್ಕಾರದ ಕಾಯಿದೆಗೆ ವಿರುದ್ಧ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ನಿಯತಕಾಲಿಕ ಹೊಗೆ ತಪಾಸಣೆಯಿಂದ ವಿನಾಯಿತಿಯಿದೆ. 1976ರ ಕಾರನ್ನು ಕೊಳ್ಳುವವರು ಈ ಒಂದು ವರ್ಷದ ವ್ಯತ್ಯಾಸದ ಬೆಲೆಯನ್ನು ಅರಿತಿರಬೇಕು. ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಮೂಲ ವಿವರಗಳಿಂದ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿದಿದೆ. 2021ರ ಪ್ರಾಚೀನ ವಾಹನಗಳ ನೋಂದಣಿ ನಿಯಮಗಳು ಐವತ್ತು ವರ್ಷ ಮೀರಿದ ವಾಹನಗಳಿಗೆ ಅನ್ವಯಿಸುತ್ತವೆ. ಅಲ್ಲಿಯೂ ಚಾಸಿ, ದೇಹ, ಎಂಜಿನ್ನುಗಳು ಮೂಲ ರೂಪದಲ್ಲಿರಬೇಕು. ಆದುದರಿಂದ ಮೇಲೆ ವಿವರಿಸಿದ ಬದಲಾವಣೆಗಳನ್ನು ನಮ್ಮ ರಸ್ತೆಯ ವಾಹನಗಳಿಗೆ ಹಾಗೆಯೇ ಅನ್ವಯಿಸುವಂತಿಲ್ಲ.

ಕಾರ್ಖಾನೆಯ ಹಳೆಯ ಯಂತ್ರಕ್ಕೆ ಮಾತ್ರ ಈ ಕ್ರಮ ಪೂರ್ಣವಾಗಿ ಅನ್ವಯಿಸುತ್ತದೆ. ಅಲ್ಲಿ ಮೊದಲ ಹಂತದ ವೆಚ್ಚಕ್ಕೂ ನಾಲ್ಕನೆಯ ಹಂತದ ವೆಚ್ಚಕ್ಕೂ ಲೆಕ್ಕಪತ್ರದಲ್ಲಿ ಭೇದವುಂಟು. ಇರುವ ಯಂತ್ರವನ್ನು ಅದರ ಮೊದಲಿನ ಸ್ಥಿತಿಗೆ ತರುವ ದಿನನಿತ್ಯದ ದುರಸ್ತಿಯ ಖರ್ಚು ಆ ವರ್ಷದ ಲಾಭನಷ್ಟ ಖಾತೆಗೆ ಸೇರುತ್ತದೆ. ಮುಂದಿನ ವರ್ಷಗಳಲ್ಲಿಯೂ ಹೊಸ ಪ್ರಯೋಜನ ತರುವ ಸುಧಾರಣೆಯನ್ನು ಆಸ್ತಿಯ ಮೌಲ್ಯಕ್ಕೆ ಕೂಡಿಸಿ ಸವಕಳಿ ಕಳೆಯಬೇಕಾಗುತ್ತದೆ. 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಇರುವ ಆಸ್ತಿಯನ್ನು ಕಾಯ್ದುಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿಯೆಂದೂ, ಹೊಸ ಆಸ್ತಿಯನ್ನು ಅಥವಾ ಹೊಸ ಅನುಕೂಲವನ್ನು ತರುವ ವೆಚ್ಚ ಆ ವ್ಯಾಪ್ತಿಗೆ ಬಾರದೆಂದೂ ಸ್ಪಷ್ಟಪಡಿಸಿತು. ಆ ಪ್ರಕರಣದಲ್ಲಿ ಬದಲಾಯಿಸಿದ್ದು ನೂಲುವ ಯಂತ್ರ. ತತ್ತ್ವ ಮಾತ್ರ ಎಲ್ಲ ಯಂತ್ರಗಳಿಗೂ ಸಮಾನ. ಎರಡೂ ಬಗೆಯ ಕೆಲಸವನ್ನು ಒಂದೇ ಬಿಲ್ಲಿನಲ್ಲಿ ಮಾಡಿಸಿದರೆ ಬೇರ್ಪಡಿಸುವುದು ಕಷ್ಟವಾಗುವುದರಿಂದ, ಕೆಲಸ ಆರಂಭಿಸುವ ಮುನ್ನವೇ ಪ್ರತ್ಯೇಕ ಅಂದಾಜುಪಟ್ಟಿ ಮತ್ತು ಪ್ರತ್ಯೇಕ ಬಿಲ್ಲು ಪಡೆಯುವುದು ಲೇಸು.

ಸದಸ್ಯ ಬಾಂಧವರು ತಮ್ಮ ಷೆಡ್ಡಿನ ಹಳೆಯ ಲೇತು, ಕಂಪ್ರೆಸರ್ ಅಥವಾ ಪಂಪಿಗೆ ಹಣ ತೊಡಗಿಸುವ ಮುನ್ನ ಒಂದು ಹಾಳೆಯ ಮೇಲೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಲಿ. ಇಂದು ಇದು ಅಳತೆಯ ಪ್ರಕಾರ ಎಷ್ಟು ಕೆಲಸ ಮಾಡುತ್ತಿದೆ? ಸೋರಿಕೆ ಎಲ್ಲಿದೆ? ಸಾಮರ್ಥ್ಯ ಹೆಚ್ಚಿದರೆ ಕೆಲಸಗಾರನ ಸುರಕ್ಷತೆಗೆ ಏನು ವ್ಯವಸ್ಥೆಯಿದೆ? ಕೆಲಸದ ಸಾಲಿನಲ್ಲಿ ಅತಿ ಕಿರಿದಾದ ಜಾಗ ಯಾವುದು? ಈ ನಾಲ್ಕಕ್ಕೂ ಉತ್ತರ ದೊರೆತ ಬಳಿಕವೇ ಬೆಲೆಪಟ್ಟಿಗಳನ್ನು ತರಿಸುವುದು ಸೂಕ್ತ.